ಹನ್ನೊಂದು ಕ್ಯಾಸೆಟ್, ಒಂದು ಹಳೆ ಡಬ್ಬಿ

ಹುಣಸೂರಿನಿಂದ ನಾಗರಹೊಳೆಗೆ ಹೋಗುವ ದಾರಿಯಲ್ಲಿ ಕಾಡಿನ ಗೇಟು ಸಿಗುವುದು ವೀರನಹೊಸಹಳ್ಳಿಯಲ್ಲಿ. ಆ ಗೇಟಿಗಿಂತ ಸ್ವಲ್ಪ ಈಚೆ, ಒಂದು ಮನೆಯ ಅಟ್ಟದಲ್ಲಿ, ಬಿಸ್ಕೆಟ್ ಡಬ್ಬದೊಳಗೆ ಹನ್ನೊಂದು ಕ್ಯಾಸೆಟ್ಟುಗಳಿದ್ದವು. ಆ ಮನೆಯ ಹಿರಿಯರು ಹಾಡಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. 1990ರ ದಶಕದಲ್ಲಿ ಒಂದು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಜೇನುಕುರುಬರ ಹಿರಿಯರನ್ನು ಕೂರಿಸಿ, ಅವರ ಹಾಡು ಮತ್ತು ಮಾತು ತುಂಬಿಕೊಂಡು ಬಂದಿದ್ದರು. ಮೇಷ್ಟ್ರು ಈಗಿಲ್ಲ. ಹಾಡಿದವರಲ್ಲಿ ಬಹುಪಾಲು ಮಂದಿಯೂ ಇಲ್ಲ.

ಕ್ಯಾಸೆಟ್ಟುಗಳ ಜೊತೆಗೇ ಇನ್ನೊಂದು ವಸ್ತು ಇತ್ತು. ಇಟ್ಟಿಗೆಯಷ್ಟು ದಪ್ಪದ ಕಪ್ಪು ಡಬ್ಬಿ. ಮುಂದೆ ನಾಲ್ಕು ತಿರುಪು, ಹಿಂದೆ ಒಂದಷ್ಟು ತೂತು. ಸ್ಟುಡಿಯೋದವರು ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಟೇಪಿನ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವುದು ಅದರ ಕೆಲಸ. ಮೇಷ್ಟ್ರ ಮಗ ಹಿಂದೊಮ್ಮೆ ಅದರಿಂದ ಮೂರು ಕ್ಯಾಸೆಟ್ಟು ಕಂಪ್ಯೂಟರಿಗೆ ಹಾಕಿದ್ದರಂತೆ. ಆಮೇಲೆ ಆ ಕಂಪ್ಯೂಟರ್ ಕೆಟ್ಟಿತು, ಫೈಲುಗಳೂ ಅದರ ಜೊತೆಗೇ ಹೋದವು. ನಾವು ಹೋದಾಗ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇತ್ತು. ಡಬ್ಬಿಯ ವೈರು ಸಿಕ್ಕಿಸಲು ಅದರಲ್ಲಿ ತೂತೇ ಇರಲಿಲ್ಲ.

ಡಬ್ಬಿ ಕೆಟ್ಟಿರಲಿಲ್ಲ, ಕರೆಂಟು ಕೊಟ್ಟರೆ ದೀಪ ಹತ್ತುತ್ತಿತ್ತು. ಕ್ಯಾಸೆಟ್ಟುಗಳೂ ಚೆನ್ನಾಗಿಯೇ ಇದ್ದವು, ಲ್ಯಾಪ್‌ಟಾಪಂತೂ ಹೊಸದು. ಮೂರೂ ಸರಿಯಿದ್ದು ಕೆಲಸ ಮಾತ್ರ ಆಗುವುದಿಲ್ಲ ಎಂದರೆ ತೊಂದರೆ ಎಲ್ಲಿದೆ? ಅದನ್ನು ಹುಡುಕುತ್ತಾ ಹೋದರೆ ನೂರು ವರ್ಷಕ್ಕಿಂತ ಹಿಂದಿನಿಂದ ಬಂದ ಕಥೆಯೊಂದು ಸಿಗುತ್ತದೆ.

ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಎಡಿಸನ್ ಮಾಡಿದ್ದು 1877ರಲ್ಲಿ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗಿಳಿಸಿದರು. ಇದು ವ್ಯಾಪಾರದ ಕೆಲಸ. ವ್ಯಾಪಾರವಲ್ಲದ ಒಂದು ಕೆಲಸವೂ ಆಗ ನಡೆಯಿತು. ಜಾರ್ಜ್ ಗ್ರಿಯರ್ಸನ್ ಅವರ ಭಾರತದ ಭಾಷಾ ಸಮೀಕ್ಷೆಯ ಜೊತೆಗೆ, 1913ರಿಂದ 1929ರವರೆಗೆ, ದೇಶದ ಬೇರೆ ಬೇರೆ ಭಾಷೆಗಳನ್ನು ಆಡುವವರನ್ನು ಕರೆಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮಾತು ತುಂಬಿಸಿದರು. ಹೆಚ್ಚಿನವರಿಂದ ಹೇಳಿಸಿದ್ದು ಬೈಬಲ್ಲಿನ ಒಂದೇ ಕಥೆ, ಮನೆಬಿಟ್ಟು ಹೋಗಿ ಆಸ್ತಿ ಕಳೆದು ವಾಪಸ್ಸು ಬರುವ ಮಗನ ಕಥೆ. ಎಲ್ಲರೂ ಒಂದೇ ಕಥೆ ಹೇಳಿದರೆ ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದಲ್ಲ, ಅದಕ್ಕೆ. ತಟ್ಟೆಗಳ ಧ್ವನಿ ಈಗ ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿದೆ. ಮೊಬೈಲಿನಲ್ಲೇ ಕೇಳಬಹುದು.

ಆ ತಟ್ಟೆಗಳು ಉಳಿದು ಬಂದದ್ದಕ್ಕೆ ಒಂದು ಸಣ್ಣ ಕಾರಣ ಉಂಟು. ಗ್ರಾಮಫೋನ್ ತಟ್ಟೆ ಎಲ್ಲರ ಮನೆಗೂ ಹೋದ ಮಾಲು. ಅದನ್ನು ಓಡಿಸುವ ಯಂತ್ರ ಊರೂರಲ್ಲಿ ಇತ್ತು. ಯಾವುದೋ ಒಂದು ಕಂಪನಿಯ ಒಂದೇ ಯಂತ್ರ ಬೇಕೆಂದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಆರ್ನಾಲ್ಡ್ ಬೇಕ್ ಅವರ ಕಥೆ. ಬೇಕ್ ಹಾಲೆಂಡಿನವರು, ಭಾರತದ ಸಂಗೀತ ಕಲಿಯಲು ಬಂದವರು. 1938ರಲ್ಲಿ ದಕ್ಷಿಣ ಭಾರತ ಸುತ್ತಿ, ಈಗಿನ ಕೇರಳ, ತಮಿಳುನಾಡು, ಕರ್ನಾಟಕದ ಊರುಗಳಲ್ಲಿ ಹಾಡು, ಆಟ, ಪೂಜೆಗಳ ಧ್ವನಿ ಹಿಡಿದರು. ಮೇಣದ ಉರುಳೆಯಲ್ಲಿ ಕೆಲವು ನಿಮಿಷ ಮಾತ್ರ ಹಿಡಿಯುತ್ತಿತ್ತು. ನಮ್ಮ ಕಡೆಯ ಒಂದು ಕಥೆ ಹಾಡೇ ರಾತ್ರಿಯೆಲ್ಲ ನಡೆಯುತ್ತದೆ! ಅದಕ್ಕೇ ಬೇಕ್ ಜರ್ಮನಿಯ ಟೆಫಿ ಎಂಬ ಯಂತ್ರ ಹಿಡಿದರು. ಅದು ಫಿಲ್ಮ್ ಪಟ್ಟಿಯ ಮೇಲೆ ಗ್ರಾಮಫೋನಿನ ಹಾಗೆ ಗೆರೆ ಕೊರೆಯುತ್ತಿತ್ತು. ತುಂಬಾ ಹೊತ್ತು ರೆಕಾರ್ಡ್ ಆಗುತ್ತಿತ್ತು, ಆ ಕಾಲಕ್ಕೆ ಜಾಣ ಯಂತ್ರವೇ. ಆದರೆ ಜಗತ್ತು ಟೆಫಿಯನ್ನು ಹಿಡಿಯಲಿಲ್ಲ, ಮ್ಯಾಗ್ನೆಟಿಕ್ ಟೇಪು ಹಿಡಿಯಿತು. ಪಟ್ಟಿಯಲ್ಲಿ ಧ್ವನಿ ಇದ್ದೂ, ಅದನ್ನು ಕೇಳಿಸುವ ಯಂತ್ರವೇ ಅಪರೂಪವಾಯಿತು.

ಕಷ್ಟಪಟ್ಟು ಧ್ವನಿಯನ್ನು ಟೇಪಿಗೆ ದಾಟಿಸಿದ ಮೇಲೆ, 1984ರಲ್ಲಿ ನಜೀರ್ ಜೈರಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಎಂಬ ಇಬ್ಬರು ಸಂಗೀತ ವಿದ್ವಾಂಸರು ಬೇಕ್ ತಿರುಗಿದ ದಾರಿಯಲ್ಲೇ ಮತ್ತೆ ತಿರುಗಿದರು, ಕರ್ನಾಟಕಕ್ಕೂ ಬಂದರು. 46 ವರ್ಷದ ಹಿಂದಿನ ಧ್ವನಿಯನ್ನು ಆಯಾ ಊರಿನವರಿಗೇ ಕೇಳಿಸಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ಕೇಳುತ್ತಾ ಹೋದರು. ಧ್ವನಿ ಹಿಡಿದುಕೊಂಡು ಹೋದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ವಾಪಸ್ಸು ತಂದುಕೊಟ್ಟವರು ಕಡಿಮೆ. ನನಗೆ ಈ ಇಬ್ಬರ ಮೇಲೆ ಗೌರವ ಅದಕ್ಕೇ.

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. 1935ರ ಸೆಪ್ಟೆಂಬರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೋಕ್ಕೇ ಆ ಹೆಸರಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಊರೂರಿನ ಕಲಾವಿದರನ್ನು ಟೇಪಿನಲ್ಲಿ ಹಿಡಿಸಿದರು. ಅದೇ ಪರಿಷತ್ತು ರಾಮನಗರದ ಹತ್ತಿರ ಕಟ್ಟಿದ್ದು ಜಾನಪದ ಲೋಕ.

ಇಷ್ಟೆಲ್ಲ ದೊಡ್ಡವರು, ದೊಡ್ಡ ಸಂಸ್ಥೆಗಳು. ಒಬ್ಬ ಶಾಲಾ ಮೇಷ್ಟ್ರ ಕೈಗೆ ರೆಕಾರ್ಡರ್ ಬಂದದ್ದು ಮಾತ್ರ ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಬೇರೆ ಕಂಪನಿಗಳಿಗೂ ಅದೇ ಅಳತೆಯಲ್ಲಿ ಮಾಡಲು ಬಿಟ್ಟಿತು. ಇದು ಮುಖ್ಯ. ಹಾಗೆ ಬಿಟ್ಟಿದ್ದರಿಂದಲೇ ಯಾವ ಕಂಪನಿಯ ಕ್ಯಾಸೆಟ್ಟಾದರೂ ಯಾವ ಕಂಪನಿಯ ಟೇಪ್ ರೆಕಾರ್ಡರಿನಲ್ಲಾದರೂ ಓಡಿತು. ಮದುವೆ ಮನೆಯ ಚಪ್ಪರದಿಂದ ಹಿಡಿದು ಜಾತ್ರೆಯ ಅಂಗಡಿಯವರೆಗೆ ಎಲ್ಲೆಲ್ಲೂ ಅದೇ. ಇವತ್ತು ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಡೆಕ್ ಸಿಕ್ಕಿದರೆ ಮೇಷ್ಟ್ರ ಕ್ಯಾಸೆಟ್ ಅದರಲ್ಲಿ ಓಡುತ್ತದೆ.

ಕಂಪ್ಯೂಟರಿನ ಕಾಲ ಬಂದಾಗ ಈ ಸುಖ ಹೋಯಿತು.

ಟೇಪಿನಿಂದ ಬರುವುದು ಏರಿಳಿಯುವ ಕರೆಂಟು. ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ ಮಾತ್ರ. ನಮ್ಮ ಕಪ್ಪು ಡಬ್ಬಿ ಆ ಕರೆಂಟನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದು ಕಳಿಸುತ್ತದೆ. ಸಿ.ಡಿ.ಯಲ್ಲಾದರೆ 44,100 ಸಲ. ಹೀಗೆ ಅಂಕಿ ಕಳಿಸಲು ಡಬ್ಬಿ ಮತ್ತು ಕಂಪ್ಯೂಟರಿನ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್, ಕಂಪ್ಯೂಟರಿನ ಒಳಗಿರುವ ಒಂದು ಸಣ್ಣ ಪ್ರೋಗ್ರಾಂ. ಡಬ್ಬಿಯ ಮಾತು ಅವನಿಗೆ ಗೊತ್ತು, ಕಂಪ್ಯೂಟರಿನ ಮಾತೂ ಗೊತ್ತು. ತೊಂದರೆ ಎಂದರೆ, ಕಂಪ್ಯೂಟರಿನ ಮಾತು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ದುಭಾಷಿಗೆ ಹೊಸ ಮಾತು ಕಲಿಸಬೇಕಾದವರು ಡಬ್ಬಿ ಮಾಡಿದ ಕಂಪನಿಯವರು. ಅವರು ಆ ಹೊತ್ತಿಗೆ ಹೊಸ ಡಬ್ಬಿ ಮಾರುತ್ತಿರುತ್ತಾರೆ.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡು ತಂದಾಗ ಕಂಪ್ಯೂಟರಿನ ಧ್ವನಿ ಮನೆಮನೆಗೆ ಬಂತು. ಆ ಕಾರ್ಡು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುತ್ತಿತ್ತು. ಆಮೇಲೆ ಹೊರಗಿನ ಡಬ್ಬಿಗಳು ಬಂದವು. ಅವುಗಳನ್ನು ಜೋಡಿಸಲು ಎರಡು ದಾರಿ ಇದ್ದವು. ಒಂದು, ಆಪಲ್ ಮುಂದೆ ನಿಂತು ತಂದ ಫೈರ್‌ವೈರ್, 1995ರಲ್ಲಿ ಪ್ರಮಾಣಿತವಾದದ್ದು. ಇನ್ನೊಂದು, 1996ರಲ್ಲಿ ಬಂದ ಯುಎಸ್‌ಬಿ. ಮೊದಲಿನ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್, ಫೈರ್‌ವೈರ್‌ನದ್ದು 400. ಸ್ಟುಡಿಯೋದವರು ಯಾವ ಕಡೆ ಹೋದರು ಎಂದು ಹೇಳಬೇಕಾಗಿಲ್ಲ. ನಮ್ಮ ಡಬ್ಬಿಯೂ ಫೈರ್‌ವೈರ್ ಡಬ್ಬಿಯೇ.

ಆದರೆ ಬಡ ಯುಎಸ್‌ಬಿ ಒಂದು ಒಳ್ಳೆ ಕೆಲಸ ಮಾಡಿತ್ತು. 1998ರಲ್ಲಿ ಯುಎಸ್‌ಬಿ ಮಂಡಳಿಯವರು ಧ್ವನಿಯ ಸಾಧನಗಳಿಗೆಂದೇ ಎಲ್ಲರೂ ಆಡಬೇಕಾದ ಒಂದು ಮಾತು ಗೊತ್ತುಮಾಡಿದರು. ಆ ಕಟ್ಟಳೆಗೆ ಒಪ್ಪುವ ಡಬ್ಬಿಗೆ ಕಂಪನಿಯ ದುಭಾಷಿ ಬೇಡ, ಕಂಪ್ಯೂಟರಿನಲ್ಲಿ ಮೊದಲೇ ಕೂತಿರುವ ದುಭಾಷಿ ಸಾಕು. ಅದನ್ನು ಕ್ಲಾಸ್ ಕಂಪ್ಲಯಂಟ್ ಎನ್ನುತ್ತಾರೆ. 1998ರ ಕಟ್ಟಳೆಗೆ ಮಾಡಿದ ಡಬ್ಬಿಯನ್ನು ಇವತ್ತಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ಮಾತಾಡುತ್ತದೆ. ಆಂಡ್ರಾಯ್ಡ್ 5, ಅಂದರೆ 2014ರಿಂದ ಈಚಿನ ಬಹಳಷ್ಟು ಮೊಬೈಲುಗಳಿಗೂ ಒಟಿಜಿ ವೈರು ಹಾಕಿ ಜೋಡಿಸಬಹುದು. ನಿಮ್ಮ ಮನೆಯಲ್ಲೂ ಕ್ಯಾಸೆಟ್ಟುಗಳಿದ್ದು, ಡಬ್ಬಿ ಕೊಳ್ಳಬೇಕೆಂದಿದ್ದರೆ, ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಡ್ರೈವರ್ ಹಾಕದೆ ಓಡುತ್ತದೆಯೇ?

ಕಂಪನಿಯ ದುಭಾಷಿಯನ್ನೇ ನಂಬಿದ್ದ ಡಬ್ಬಿಗಳಿಗೆ ಒಂದರ ಹಿಂದೆ ಒಂದು ಏಟು ಬಿತ್ತು. 2001ರ ವಿಂಡೋಸ್ ಎಕ್ಸ್‌ಪಿಗೆ ಬರೆದ ಡ್ರೈವರುಗಳು ಬಹಳ ವರ್ಷ ಓಡಿದವು. 2007ರಲ್ಲಿ ವಿಸ್ಟಾ ಬಂತು. ಅದರ 64 ಬಿಟ್ ಆವೃತ್ತಿಯಲ್ಲಿ, ಸರಿಯಾದ ಡಿಜಿಟಲ್ ಸಹಿ ಇಲ್ಲದ ಡ್ರೈವರಿಗೆ ಒಳಗೆ ಜಾಗವಿಲ್ಲ ಎಂದರು. 32 ಬಿಟ್ ಕಾಲದ ಡ್ರೈವರಂತೂ 64 ಬಿಟ್ ವಿಂಡೋಸಿನಲ್ಲಿ ಓಡುವುದೇ ಇಲ್ಲ. 2021ರ ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ. ಆಪಲ್ ತನ್ನ ಕಂಪ್ಯೂಟರುಗಳಲ್ಲಿ ಮೊದಲು ಫೈರ್‌ವೈರ್ ತೂತು ಬಿಟ್ಟಿತು. 2025ರ ಟಾಹೋ ಆವೃತ್ತಿಯಲ್ಲಿ ಫೈರ್‌ವೈರಿನ ಬೆಂಬಲವನ್ನೇ ತೆಗೆಯಿತು. ಹೆತ್ತವರೇ ಕೈಬಿಟ್ಟ ಹಾಗೆ.

ಸುರಕ್ಷತೆಗೆ ಇದೆಲ್ಲ ಬೇಕಿತ್ತು ಎನ್ನುವುದು ನಿಜ. ಕಂಪ್ಯೂಟರಿನ ಒಳಮನೆಗೆ ಯಾರು ಬೇಕಾದರೂ ಬರುವ ಹಾಗಿದ್ದರೆ ವೈರಸ್ಸೂ ಬರುತ್ತದೆ. ಆದರೆ ಡಬ್ಬಿ ಕೊಂಡವರಿಗೆ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ. ಟ್ರ್ಯಾಕ್ಟರ್ ಚೆನ್ನಾಗಿದ್ದು, ರಸ್ತೆ ಬದಲಾಯಿತು ಅಂತ ಅದನ್ನು ಗುಜರಿಗೆ ಹಾಕು ಎಂದರೆ ಯಾವ ರೈತ ಒಪ್ಪುತ್ತಾನೆ?

ಒಪ್ಪದವರು ಕಂಪ್ಯೂಟರ್ ಲೋಕದಲ್ಲೂ ಇದ್ದರು. 1998ರಲ್ಲಿ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ, ಲಿನಕ್ಸ್‌ಗಾಗಿ ಆಲ್ಸಾ ಎಂಬ ಧ್ವನಿ ವ್ಯವಸ್ಥೆ ಬರೆಯತೊಡಗಿದರು. ಲಿನಕ್ಸ್ ಎಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ. ಇಲ್ಲಿ ಡ್ರೈವರುಗಳು ಕಂಪನಿಯ ಸಿ.ಡಿ.ಯಲ್ಲಿ ಬರುವುದಿಲ್ಲ, ಲಿನಕ್ಸಿನ ಒಳಗೇ ಕೂತಿರುತ್ತವೆ. ಲಿನಕ್ಸ್ ಬದಲಾದಾಗ ಅವೂ ಅದರ ಜೊತೆಯಲ್ಲಿ ಬದಲಾಗುತ್ತವೆ. ಫೈರ್‌ವೈರ್ ಡಬ್ಬಿಗಳಿಗಾಗಿ ಫಡೋ ಎಂಬ ಗುಂಪೊಂದು ಕೆಲಸ ಮಾಡಿತು. ಆಮೇಲೆ ಜಪಾನಿನ ತಕಾಶಿ ಸಕಾಮೊಟೊ ಎಂಬವರು ಒಂದೊಂದೇ ಡಬ್ಬಿಯ ಮಾತು ಕಲಿತು ಲಿನಕ್ಸಿಗೆ ಡ್ರೈವರ್ ಬರೆದರು. 2023ರಲ್ಲಿ ಲಿನಕ್ಸಿನ ಫೈರ್‌ವೈರ್ ಭಾಗದ ಜವಾಬ್ದಾರಿಯನ್ನೇ ವಹಿಸಿಕೊಂಡು, 2029ರವರೆಗೆ ನೋಡಿಕೊಳ್ಳುತ್ತೇನೆ ಎಂದರು. ದೊಡ್ಡ ಕಂಪನಿ ಬಿಟ್ಟ ಕೆಲಸ ಇದು!

ನಮ್ಮ ದೇಶದ ಸಮುದಾಯ ರೇಡಿಯೋಗಳಿಗೂ ಈ ಲಿನಕ್ಸಿನ ನಂಟಿದೆ. ಸ್ವಯಂಸೇವಾ ಸಂಸ್ಥೆಗಳೂ ರೇಡಿಯೋ ನಡೆಸಬಹುದು ಎಂದು ಸರ್ಕಾರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಮೊದಲೇ, 2003ರಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯವರು ಗಾಳಿಯಲ್ಲಿ ಬಿಡಲು ಲೈಸೆನ್ಸ್ ಸಿಗದೆ, ನಮ್ಮ ಧ್ವನಿ ಎಂಬ ರೇಡಿಯೋವನ್ನು ಕೇಬಲ್ ವೈರಿನಲ್ಲೇ ಮನೆಮನೆಗೆ ಹರಿಸಿದ್ದರು. ಮುಂದೆ ದೆಹಲಿಯ ಗ್ರಾಮವಾಣಿ ಸಂಸ್ಥೆ ಇಂಥ ಹಳ್ಳಿ ರೇಡಿಯೋಗಳಿಗೆಂದೇ ಲಿನಕ್ಸ್ ಮೇಲೆ ಓಡುವ ಗ್ರಿನ್ಸ್ ಎಂಬ ವ್ಯವಸ್ಥೆ ಮಾಡಿತು. ನಮ್ಮ ಪಕ್ಕದಲ್ಲೇ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ಜನಧ್ವನಿ ರೇಡಿಯೋ ನಡೆಸುತ್ತಿದೆ. ಎಚ್.ಡಿ. ಕೋಟೆ ಕಡೆಯವರಿಗೆ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಇನ್ನು ನಮ್ಮ ಡಬ್ಬಿ. ಹೊಸ ಲ್ಯಾಪ್‌ಟಾಪಿನ ಆಸೆ ಬಿಟ್ಟೆವು. ಹುಣಸೂರಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇತ್ತು. ಅದಕ್ಕೆ ಸೆಕೆಂಡ್ ಹ್ಯಾಂಡ್ ಫೈರ್‌ವೈರ್ ಕಾರ್ಡೊಂದನ್ನು ಹಾಕಿಸಿದೆವು. ವಿಂಡೋಸಿನಲ್ಲಿ ಡಬ್ಬಿಯ ಹೆಸರು ಕಾಣಿಸಿತು, ಪಕ್ಕದಲ್ಲಿ ಹಳದಿ ಗುರುತು. ಕಂಪನಿಯ ಸಿ.ಡಿ.ಯಲ್ಲಿದ್ದ ಡ್ರೈವರ್ ಎಕ್ಸ್‌ಪಿ ಕಾಲದ್ದು. ಹಾಕಲು ನೋಡಿದರೆ ಆಗಲಿಲ್ಲ. ಎರಡು ಸಂಜೆ ಇದರಲ್ಲೇ ಹೋಯಿತು. ಮೂರನೆಯ ಸಂಜೆ ಪೆನ್ ಡ್ರೈವಿಗೆ ಲಿನಕ್ಸ್ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದೆವು. ಕಂಪ್ಯೂಟರಿನೊಳಗೆ ಏನನ್ನೂ ಅಳಿಸಬೇಕಾಗಲಿಲ್ಲ. ಧ್ವನಿಯ ಪಟ್ಟಿ ತೆರೆದರೆ ಡಬ್ಬಿಯ ಹೆಸರು ಅಲ್ಲಿತ್ತು. ನಾವು ಯಾವ ಡ್ರೈವರನ್ನೂ ಹಾಕಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ಸಲ ರೆಕಾರ್ಡ್ ಮಾಡಿದಾಗ ಧ್ವನಿ ನಡುನಡುವೆ ಟಿಕ್ ಟಿಕ್ ಎಂದು ಕತ್ತರಿಸಿತು. ಕಂಪ್ಯೂಟರಿಗೆ ಅಂಕಿಗಳನ್ನು ಕೂಡಿಟ್ಟುಕೊಳ್ಳಲು ಸಾಕಷ್ಟು ಪುರುಸೊತ್ತು ಸಿಕ್ಕಿರಲಿಲ್ಲ. ಬಫರ್ ಎಂಬ ಲೆಕ್ಕವನ್ನು ದೊಡ್ಡದು ಮಾಡಿದ ಮೇಲೆ ನಿಂತಿತು. ಹಾಡುತ್ತಾ ತಮ್ಮ ಧ್ವನಿಯನ್ನೇ ಕೇಳಿಸಿಕೊಳ್ಳುವವರಿಗೆ ಬಫರ್ ಸಣ್ಣದಿರಬೇಕು. ಕ್ಯಾಸೆಟ್ ಇಳಿಸುವವರಿಗೆ ಆ ಅವಸರ ಇಲ್ಲ. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಮಂಕಾಗಿದ್ದ ಧ್ವನಿ ಎಷ್ಟೋ ಸ್ಪಷ್ಟವಾಯಿತು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಬೇಗ ಮಾಡುವ ದಾರಿ ನಮಗಿರಲಿಲ್ಲ. 48,000 ಅಳತೆ, 24 ಬಿಟ್, ಎರಡು ಚಾನಲ್ಲಿನಲ್ಲಿ ಒಂದು ಕ್ಯಾಸೆಟ್ಟಿಗೆ ಸುಮಾರು ಒಂದೂವರೆ ಜಿಬಿ ಆಗುತ್ತದೆ. ಫೈಲನ್ನು ಎಂಪಿ3 ಮಾಡಿ ಸಣ್ಣದು ಮಾಡಬೇಡಿ. ಮೊದಲು ವೇವ್ ಫೈಲಾಗಿ ಎರಡು ಕಡೆ ಇಡಿ, ಎಂಪಿ3 ವಾಟ್ಸಾಪಿಗೆ ಮಾತ್ರ.

ಇಷ್ಟೊಂದು ಒದ್ದಾಟ ಯಾಕೆ, ಹೊಸ ಡಬ್ಬಿ ತಗೊಂಡರೆ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಆಗುತ್ತಿತ್ತು. ಎರಡು ಚಾನಲ್ಲಿಗೆ ದುಬಾರಿಯೂ ಅಲ್ಲ. ಕೈಯಲ್ಲಿ ದುಡ್ಡಿದ್ದು ಹೊತ್ತು ಇಲ್ಲದವರು ಹಾಗೇ ಮಾಡಿ. ನಮ್ಮಲ್ಲಿ ಇದ್ದದ್ದು ಹೊತ್ತು, ಸ್ವಲ್ಪ ಹಟ.

ಕಾಯಲು ಮಾತ್ರ ಆಗುವುದಿಲ್ಲ. ಮ್ಯಾಗ್ನೆಟಿಕ್ ಟೇಪುಗಳನ್ನು ಇಳಿಸಿಕೊಳ್ಳಲು 2025 ಕೊನೆಯ ಗಡುವು ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು. ಟೇಪು ಸವೆಯುತ್ತದೆ, ಜೊತೆಗೆ ಅದನ್ನು ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಗೊತ್ತಿರುವ ಕೈ, ಮೂರೂ ಇಲ್ಲವಾಗುತ್ತವೆ ಎಂಬುದು ಅವರ ಲೆಕ್ಕ. ಆ ವರ್ಷ ಬಂದೇ ಬಿಟ್ಟಿತು.

ನಮ್ಮ ಕಡೆ ಇದಕ್ಕೆ ಇನ್ನೊಂದು ತೂಕ ಇದೆ. ನಾಗರಹೊಳೆಯ ಒಳಗಿದ್ದ ಎಷ್ಟೋ ಕುಟುಂಬಗಳನ್ನು 1990ರ ದಶಕದ ಕೊನೆಯಿಂದ ಹೊರಗೆ ತಂದು, ವೀರನಹೊಸಹಳ್ಳಿ ಹತ್ತಿರದ ನಾಗಾಪುರದಂಥ ಕಡೆ ನೆಲೆ ಮಾಡಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಹಕ್ಕು ಕೇಳುವವರು ಕೊಡಬಹುದಾದ ಸಾಕ್ಷ್ಯಗಳ ಪಟ್ಟಿಯೊಂದಿದೆ. ಅದರಲ್ಲಿ ಸ್ಮಶಾನ, ಪೂಜೆಯ ಜಾಗಗಳೂ ಬರುತ್ತವೆ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯೂ ಬರುತ್ತದೆ. ಕ್ಯಾಸೆಟ್ಟಿನ ಧ್ವನಿಯೊಂದೇ ಅರ್ಜಿಯನ್ನು ಗೆಲ್ಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಾವ ಹಳ್ಳದ ದಡದಲ್ಲಿ ಯಾರನ್ನು ಮಣ್ಣು ಮಾಡಿದರು, ಯಾವ ಮರದ ಬುಡದಲ್ಲಿ ದೇವರಿತ್ತು ಎಂದು ಹೇಳಿದವರು ತೀರಿಕೊಂಡ ಮೇಲೆ, ಈಗಿರುವ ಹಿರಿಯರಿಗೆ ನೆನಪು ಮಾಡಿಕೊಡಲು ಇನ್ನೇನಿದೆ?

ಐದನೆಯ ಕ್ಯಾಸೆಟ್ಟಿನಲ್ಲಿ ಅಂಥದೊಂದು ಮಾತು ಸಿಕ್ಕಿತು. ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ, ಅದು ಅವರ ದೇವರ ಜಾಗ. ಧ್ವನಿಯನ್ನೂ ಎಲ್ಲೂ ಹಾಕಿಲ್ಲ. ಮೊದಲು ಅವರು ಕೇಳಲಿ, ಆಮೇಲೆ ಅವರು ಹೇಳಿದ ಹಾಗೆ ಎಂದು ಮೇಷ್ಟ್ರ ಮಗನೂ ನಾವೂ ಮಾತಾಡಿಕೊಂಡಿದ್ದೆವು.

ಒಂದು ಭಾನುವಾರ ಸಣ್ಣ ಸ್ಪೀಕರ್ ತಗೊಂಡು ಹೋಗಿ ಕೇಳಿಸಿದೆವು. ಕವರಿನ ಮೇಲೆ ಮೇಷ್ಟ್ರು ಒಬ್ಬರ ಹೆಸರು ಬರೆದಿದ್ದರು. ಹಾಡು ಶುರುವಾದ ಕೂಡಲೇ ಅಲ್ಲಿದ್ದವರು, ಇದು ಅವರಲ್ಲ, ಅವರ ತಮ್ಮ ಎಂದು ತಿದ್ದಿದರು. ನಾವು ಬರೆದುಕೊಂಡೆವು. ಹಾಡಿನ ಮಧ್ಯೆ ಹಿಂದಿನಿಂದ ಯಾರೋ ಜೋರಾಗಿ ಕೆಮ್ಮುತ್ತಾರೆ. ರೆಕಾರ್ಡಿಂಗ್ ಕೆಡಿಸುವ ಸದ್ದು, ಅಳಿಸಿಬಿಡೋಣವೇ ಎಂದು ನಮ್ಮಲ್ಲೊಬ್ಬ ಹಿಂದಿನ ದಿನ ಕೇಳಿದ್ದ. ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

"ಅಲ್ಲೇ ಇನ್ನೊಂದ್ ಸಲ ಹಾಕಪ್ಪ. ಕೆಮ್ಮಿದ್ದು ನಮ್ ಮನೆಯೋರು."

ಮೂರು ಸಲ ಹಾಕಿದೆವು. ಇನ್ನೂ ನಾಲ್ಕು ಕ್ಯಾಸೆಟ್ ಇಳಿಸುವುದು ಬಾಕಿ ಇದೆ. ಒಂದರ ಟೇಪು ತುಂಡಾಗಿದೆ, ಅದನ್ನು ಅಂಟಿಸುವ ಪಟ್ಟಿಗಾಗಿ ಮೈಸೂರಿನಲ್ಲಿ ಹುಡುಕುತ್ತಿದ್ದೇವೆ.